ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ ಅಂದರೆ ಏನರ್ಥ?

ಕಾರಟಗಿ ಹತ್ತಿರದ ಒಂದು ಅಕ್ಕಿ ಗಿರಣಿ. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರ್‌ನ ಬುಡದಲ್ಲಿ ಎಂಟು ಅಡಿ ಆಳದ ಗುಂಡಿ. ಗಿರಣಿಯವರು ಅದನ್ನು ಪಿಟ್ ಅಂತಾರೆ. ಎಲಿವೇಟರಿನ ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಿಂದ ಉದುರಿದ ಭತ್ತ, ಧೂಳು, ಒಳಗೆ ನುಗ್ಗಿದ ಮಳೆ ನೀರು ಎಲ್ಲ ಅಲ್ಲಿ ಸೇರಿ ಕೊಳೆಯುತ್ತದೆ. ತಿಂಗಳಿಗೊಮ್ಮೆ ಒಬ್ಬರು ಇಳಿದು ಸಲಿಕೆಯಿಂದ ಎತ್ತಿ ಹಾಕಬೇಕು. ಆ ಪಿಟ್ ಮುಂದೆ ನಿಂತಿದ್ದಾಗ ಅಲ್ಲಿನ ಮೇಸ್ತ್ರಿ ನನಗೆ ಹೇಳಿದರು: "ಇಪ್ಪತ್ತ್ ವರ್ಷದಿಂದ ಹಿಂಗ ಇಳಿದು ತಗೀತೀವ್ರಿ ಸರ್. ಒಂದ್ ಸಲಾನೂ ಏನೂ ಆಗಿಲ್ಲ ನೋಡ್ರಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಓಡಾಡುತ್ತೇನೆ. ಕಲ್ಲು ಕ್ವಾರಿಯಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ, ಕಬ್ಬಿಣದ ಕಾರ್ಖಾನೆಯಲ್ಲಿ ಇದೇ ಮಾತನ್ನು ಕೇಳಿದ್ದೇನೆ. ಅಪಾಯದ ಕೆಲಸವನ್ನು ಅಳೆಯಬೇಕು ಅಂದರೆ ಮೊದಲು ಈ ಮಾತನ್ನೇ ಬಿಡಿಸಿ ನೋಡಬೇಕು.

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಇಂಥ ಪಿಟ್‌ಗೆ ಸಾವಿರ ಸಲ ಇಳಿದರೆ ಒಂದು ಸಲ ಅನಾಹುತ ಆಗುತ್ತದೆ ಅಂದುಕೊಳ್ಳಿ. ತಿಂಗಳಿಗೊಮ್ಮೆ ಇಳಿದರೆ ವರ್ಷಕ್ಕೆ 12 ಸಲ, ಇಪ್ಪತ್ತು ವರ್ಷಕ್ಕೆ 240 ಸಲ. ಈ 240 ಸಲವೂ ಏನೂ ಆಗದೆ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 79. ಅಂದರೆ ಸುತ್ತಮುತ್ತ ಇಂಥ 50 ಗಿರಣಿಗಳಿದ್ದರೆ, ಸುಮಾರು 39 ಗಿರಣಿಗಳಲ್ಲಿ ಇಪ್ಪತ್ತು ವರ್ಷ ಏನೂ ಆಗಿರುವುದಿಲ್ಲ. ಆ 39 ಮೇಸ್ತ್ರಿಗಳೂ ಎದೆ ಮುಟ್ಟಿಕೊಂಡು ಅದೇ ಮಾತು ಹೇಳುತ್ತಾರೆ. ಆದರೆ 50 ಗಿರಣಿ ಸೇರಿಸಿದರೆ ಒಟ್ಟು 12,000 ಸಲ ಜನ ಇಳಿದಿರುತ್ತಾರೆ. ಸಾವಿರಕ್ಕೊಂದರಂತೆ 12 ಅನಾಹುತ. ಅವೆಲ್ಲ ಉಳಿದ ಹನ್ನೊಂದು ಗಿರಣಿಗಳಲ್ಲಿ ಆಗಿರುತ್ತವೆ. ಆ ಹನ್ನೊಂದು ಕಡೆಯ ಕೆಲಸದ ರೀತಿಗೂ ಈ 39 ಕಡೆಯ ರೀತಿಗೂ ಒಂದಿಷ್ಟೂ ವ್ಯತ್ಯಾಸ ಇರುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ತುಂಗಭದ್ರಾ ನದಿಯ ನಮ್ಮ ಟಿಬಿ ಡ್ಯಾಮ್ ನೋಡಿ. 1953ರಿಂದ ನೀರು ಹಿಡಿದು ನಿಲ್ಲಿಸುತ್ತಿರುವ ಅಣೆಕಟ್ಟು. 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಏನೂ ಆಗಿರಲಿಲ್ಲ, ಅಲ್ವಾ? ಚೈನ್ ಹೋದ ಮೇಲೆ ಆ ಜಾಗದಲ್ಲಿ ನೀರು ತಡೆಯಲು ಎರಡನೆಯದು ಅಂತ ಏನೂ ಇರಲಿಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಗೇಟಿನ ಜಾಗ ಮುಚ್ಚುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಹೊಸದಾಗಿ ಮಾಡಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿದರು. ಸುಮಾರು ಒಂದು ವಾರ ಈ ಭಾಗದ ರೈತರು ಉಸಿರು ಬಿಗಿಹಿಡಿದು ಕಾದರು. ಆ ತುಂಡುಗಳನ್ನು ಇಳಿಸಿದವರ ಕೆಲಸ ಎಷ್ಟು ಅಪಾಯದ್ದಾಗಿತ್ತು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಒಂದು ಕೆಲಸವನ್ನು ಅಳೆಯುವಾಗ "ಇಲ್ಲಿಯವರೆಗೆ ಏನಾಗಿದೆ" ಅನ್ನುವುದರ ಜೊತೆಗೆ "ಇದು ಕೈಕೊಟ್ಟರೆ ಮುಂದೆ ತಡೆಯಲು ಏನಿದೆ" ಅಂತಲೂ ಕೇಳಬೇಕು. ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ಮುಖ್ಯ.

ಕನ್ನಡದಲ್ಲಿ ನಾವು ಎರಡು ಬೇರೆ ವಿಷಯಗಳಿಗೆ ಅಪಾಯ ಅನ್ನುವ ಒಂದೇ ಪದ ಬಳಸುತ್ತೇವೆ. ದರೋಜಿ ಕಡೆಯ ಗುಡ್ಡದಲ್ಲಿ ಕರಡಿ ಇರುವುದು ಒಂದು ಅಪಾಯ. ಆದರೆ ಊರಲ್ಲಿ ಮಲಗಿದವನಿಗೆ ಅದರಿಂದ ತೊಂದರೆ ಇಲ್ಲ. ನಸುಕಿನಲ್ಲಿ ಒಬ್ಬನೇ ಸೌದೆಗೆ ಹೋದಾಗ ರಿಸ್ಕ್ ಶುರುವಾಗುತ್ತದೆ. ಅಂದರೆ ಕೇಡು ಮಾಡಬಲ್ಲ ವಸ್ತು ಬೇರೆ, ಅದು ಒಬ್ಬ ಮನುಷ್ಯನಿಗೆ ಕೇಡು ಮಾಡುವ ಸಾಧ್ಯತೆ ಬೇರೆ. ಮೊದಲನೆಯದನ್ನು ಹುಡುಕಬೇಕು, ಎರಡನೆಯದನ್ನು ಅಳೆಯಬೇಕು.

ಹುಡುಕುವುದು ಆಫೀಸಿನಲ್ಲಿ ಕೂತು ಆಗುವ ಕೆಲಸವಲ್ಲ. ಇಳಿಯುವವರನ್ನೇ ಕೇಳಬೇಕು. ಆ ಗಿರಣಿಯಲ್ಲಿ ನಾನು ಒಬ್ಬ ಹಮಾಲರನ್ನು ಕೇಳಿದೆ, ಇಳಿದಾಗ ಹೇಗಾಗುತ್ತೆ ಅಂತ. "ಮಳೆಗಾಲದಾಗ ಇಳಿದ್ರ ತಲಿ ಗಿಮ್ ಅಂತೈತ್ರಿ. ಸ್ವಲ್ಪ ಮ್ಯಾಲ ಬಂದು ನಿಂತು ಮತ್ತ ಇಳೀತೀವಿ." ಮಾಲೀಕರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅವರ ದಾಖಲೆಯಲ್ಲಿ ಅಪಘಾತ ಸೊನ್ನೆ. ಆದರೆ ಸಾವು ಪಿಟ್‌ನ ಅಂಚಿನವರೆಗೆ ಬಂದು ಎಷ್ಟೋ ಸಲ ವಾಪಸ್ ಹೋಗಿತ್ತು. ಹೀಗೆ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಯಾರೂ ಬರೆದಿಡುವುದಿಲ್ಲ. ಬರೆದರೆ ಬೈಸಿಕೊಳ್ಳಬೇಕಾಗುತ್ತದೆ, ಕೂಲಿ ಹೋಗುತ್ತದೆ ಅನ್ನುವ ಹೆದರಿಕೆ. ಗುತ್ತಿಗೆಯವರಾದರೆ ಇನ್ನೂ ಜಾಸ್ತಿ.

ತಲೆ ಗಿಮ್ ಅನ್ನುವುದು ಯಾಕೆ? ಒದ್ದೆ ಭತ್ತ ಕೊಳೆಯುವಾಗ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ. ಹಾಗಾಗಿ ಗುಂಡಿಯ ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅದು 19.5ಕ್ಕಿಂತ ಕೆಳಗೆ ಹೋದರೆ ಇಳಿಯಬಾರದು ಅನ್ನುವುದು ಒಪ್ಪಿತ ನಿಯಮ. ಶೇ. 10ರ ಹತ್ತಿರ ಬಂದರೆ ಮನುಷ್ಯ ಎಚ್ಚರ ತಪ್ಪುತ್ತಾನೆ. ಕೊಳೆತ ರಾಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟಬಹುದು. ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ಲ, ಅದೇ. ಇದರದ್ದು ಒಂದು ಕೆಟ್ಟ ಗುಣ ಇದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ನೂರು ಪಾಲು ದಾಟಿತು ಅಂದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಒಳಗಿದ್ದವನು "ವಾಸನೆ ಹೋಯ್ತು, ಈಗ ಪರವಾಗಿಲ್ಲ" ಅಂದುಕೊಳ್ಳುತ್ತಾನೆ. ಮ್ಯಾನ್‌ಹೋಲ್‌ನಲ್ಲಿ, ಸೆಪ್ಟಿಕ್ ಟ್ಯಾಂಕ್‌ನಲ್ಲಿ ಜನರನ್ನು ಕೊಲ್ಲುವುದೂ ಇದೇ ಅನಿಲ.

ಗಾಳಿಯ ಜೊತೆಗೆ ಇನ್ನೆರಡು ಕೇಡುಗಳು ಅಲ್ಲಿವೆ. ಒಳಗೆ ಮನುಷ್ಯ ಇರುವಾಗ ಯಾರೋ ಎಲಿವೇಟರ್ ಆನ್ ಮಾಡುವುದು ಒಂದು. ಒದ್ದೆ ಗುಂಡಿಗೆ 230 ವೋಲ್ಟ್‌ನ ಬಲ್ಬನ್ನು ವೈರಿನಲ್ಲಿ ಇಳಿಬಿಡುವುದು ಇನ್ನೊಂದು.

ಇನ್ನು ಅಳೆಯುವುದು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೊಂದು ಚೌಕ ಇರುತ್ತದೆ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ. ಒಂದು ಕಡೆ ಎಷ್ಟು ಸಲ ಆಗಬಹುದು ಅನ್ನುವುದಕ್ಕೆ 1ರಿಂದ 5 ಅಂಕ, ಇನ್ನೊಂದು ಕಡೆ ಆದರೆ ಎಷ್ಟು ಪೆಟ್ಟು ಅನ್ನುವುದಕ್ಕೆ 1ರಿಂದ 5 ಅಂಕ. ಗುಣಿಸಿದಾಗ 25ರ ಹತ್ತಿರ ಬಂದರೆ ಕೆಂಪು, ಚಿಕ್ಕದು ಬಂದರೆ ಹಸಿರು. ಯಾವ ಕೆಲಸ ಮೊದಲು ನೋಡಬೇಕು ಅಂತ ಸಾಲು ಹಚ್ಚಲು ಇದು ಒಳ್ಳೆಯ ಉಪಾಯ. ಆದರೆ ನಾನು ನೋಡಿದ ಎಷ್ಟೋ ಫಾರಂಗಳಲ್ಲಿ ಉತ್ತರವನ್ನು ಮೊದಲೇ ಗಟ್ಟಿ ಮಾಡಿ, ಅಂಕಗಳನ್ನು ಆಮೇಲೆ ತುಂಬಿರುತ್ತಾರೆ. "ತರಬೇತಿ ಕೊಟ್ಟಿದೆ, ಹೆಲ್ಮೆಟ್ ಕೊಟ್ಟಿದೆ, ಆದ್ದರಿಂದ ಸಾಧ್ಯತೆ 1." ಐದನ್ನು ಒಂದರಿಂದ ಗುಣಿಸಿದರೆ ಐದೇ. ಹಸಿರು. ಪಿಟ್‌ನೊಳಗಿನ ಗಾಳಿ ಮಾತ್ರ ಮೊದಲಿನ ಹಾಗೇ ಇರುತ್ತದೆ. ಹಾಗಾಗಿ ನನ್ನ ರೂಢಿ ಬೇರೆ. ಜೀವ ಹೋಗಬಹುದಾದ ಕೆಲಸವಾದರೆ ನಾನು ಗುಣಿಸುವುದೇ ಇಲ್ಲ. ಅಂಥದ್ದು ಎಷ್ಟೇ ಅಪರೂಪ ಇರಲಿ, ಕೆಂಪಿನಲ್ಲೇ ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ಮುಂದಿನ ಪ್ರಶ್ನೆ, ಏನು ಮಾಡಬೇಕು? ಇಲ್ಲಿ ಜಗತ್ತಿನೆಲ್ಲೆಡೆ ಬಳಸುವ ಒಂದು ಮೆಟ್ಟಿಲುಗಳ ಸಾಲು ಇದೆ. ಮೇಲಿನ ಮೆಟ್ಟಿಲು, ಅಪಾಯವನ್ನೇ ಇಲ್ಲವಾಗಿಸುವುದು. ಆಮೇಲೆ ಕಡಿಮೆ ಅಪಾಯದ್ದನ್ನು ಬದಲಿಗೆ ತರುವುದು. ಆಮೇಲೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಯಂತ್ರದ, ಕಟ್ಟಡದ ತಡೆ ಹಾಕುವುದು. ಆಮೇಲೆ ನಿಯಮ, ತರಬೇತಿ, ಬೋರ್ಡು. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್, ಮಾಸ್ಕ್, ಗ್ಲೌಸ್. ನಮ್ಮಲ್ಲಿ ಅಪಘಾತವಾದ ಕೂಡಲೇ ಬರುವ ಮೊದಲ ಪ್ರಶ್ನೆ "ಹೆಲ್ಮೆಟ್ ಹಾಕಿದ್ನಾ?" ಅನ್ನುವುದು. ಅಂದರೆ ನಾವು ಏಣಿಯ ಕೆಳಗಿನ ಮೆಟ್ಟಿಲಿಂದ ಶುರು ಮಾಡುತ್ತೇವೆ, ಅಲ್ಲೇ ನಿಲ್ಲುತ್ತೇವೆ. ಹೆಲ್ಮೆಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಉಳಿದದ್ದೆಲ್ಲ ಸೋತ ಮೇಲೆ ಕೆಲಸಕ್ಕೆ ಬರುವುದು ಅದು. ಅದೂ ಧರಿಸಿದವನು ಒಂದು ನಿಮಿಷವೂ ತೆಗೆಯದೆ ಇದ್ದರೆ. ಮೇ ತಿಂಗಳ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿರುವಾಗ ಮೂಗಿಗೆ ಬಿಗಿಯಾಗಿ ಮಾಸ್ಕ್ ಹಾಕಿಕೊಂಡು ಎಂಟು ತಾಸು ಚೀಲ ಹೊತ್ತು ನೋಡಿ. ತೆಗೆದವನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಹಟ್ಟಿ ಚಿನ್ನದ ಗಣಿಯಂಥ ಕಡೆ ಕಲ್ಲು ಕೊರೆಯುವಾಗ ಡ್ರಿಲ್‌ನ ಒಳಗಿಂದಲೇ ನೀರು ಬಿಡುವ ಪದ್ಧತಿಯನ್ನು ಗಮನಿಸಿ. ಒಣ ಕಲ್ಲು ಕೊರೆದರೆ ಸಿಲಿಕಾ ಧೂಳು ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳ ಸೇರಿ ಸಿಲಿಕೋಸಿಸ್ ತರುತ್ತವೆ. ಬಂದ ಮೇಲೆ ಅದು ವಾಸಿಯಾಗುವುದಿಲ್ಲ. ನೀರು ಬಿಟ್ಟರೆ ಧೂಳು ಹುಟ್ಟಿದಲ್ಲೇ ಕೆಸರಾಗುತ್ತದೆ. ಕಾರ್ಮಿಕರು ಮಾಸ್ಕ್ ಹಾಕಿದ್ದಾರೋ ಇಲ್ಲವೋ, ನೀರು ತನ್ನ ಕೆಲಸ ಮಾಡುತ್ತಿರುತ್ತದೆ. ಮೇಲಿನ ಮೆಟ್ಟಿಲುಗಳ ಬಲ ಇದೇ. ಅದು ಯಾರ ನೆನಪಿನ ಮೇಲೂ, ಯಾರ ಸಹನೆಯ ಮೇಲೂ ನಿಂತಿಲ್ಲ.

ಪಿಟ್‌ಗೆ ವಾಪಸ್ ಬರೋಣ. ಮೇಲಿನ ಮೆಟ್ಟಿಲಿನ ಪ್ರಶ್ನೆ ಕೇಳಿದೆವು: ಮನುಷ್ಯ ಅಲ್ಲಿಗೆ ಇಳಿಯುವುದಾದರೂ ಯಾಕೆ? ಕೊಳೆತದ್ದನ್ನು ತೆಗೆಯಲು. ಕೊಳೆಯುವುದು ಯಾಕೆ? ನೀರು ಬರುವುದರಿಂದ. ನೀರು ಎಲ್ಲಿಂದ? ಅಂಗಳದ ಮಳೆ ನೀರು ಇಳಿಜಾರಿನಲ್ಲಿ ನೇರ ಪಿಟ್‌ಗೇ ಹರಿಯುತ್ತಿತ್ತು. ಅಂಚಿಗೆ ಒಂದಡಿ ಎತ್ತರದ ಕಟ್ಟೆ ಕಟ್ಟಿದರೆ ಅರ್ಧ ಕೆಲಸ ಮುಗಿಯುತ್ತದೆ. ಭತ್ತ ಉದುರುವುದು ಯಾಕೆ? ಬುಡದ ತಗಡು ತೂತಾಗಿತ್ತು, ಬೆಲ್ಟ್ ಸಡಿಲವಾಗಿತ್ತು. ಮೇಲಿನಿಂದಲೇ ಉದ್ದ ಪೈಪಿನ ವ್ಯಾಕ್ಯೂಮ್ ಹಾಕಿ ಎಳೆಯಬಹುದಾ? ಒಣಗಿದ್ದರೆ ಎಳೆಯಬಹುದು. ಈ ಐದು ಪ್ರಶ್ನೆಗೆ ನಮಗೆ ಒಂದು ಮಧ್ಯಾಹ್ನ ಸಾಕಾಯಿತು. ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ.

ಇಷ್ಟಾದರೂ ವರ್ಷಕ್ಕೆ ಒಂದೆರಡು ಸಲ ಇಳಿಯಲೇಬೇಕಾಗಬಹುದು. ಆಗ ಏನು? 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ಇದನ್ನು ಆಗಲೇ ಯೋಚಿಸಿತ್ತು. ಅನಿಲ ಇಲ್ಲ ಅಂತ ತಿಳಿದವರು ಪರೀಕ್ಷಿಸಿ ಬರೆದುಕೊಟ್ಟಿರಬೇಕು, ಇಲ್ಲವೇ ಉಸಿರಾಟದ ಸಲಕರಣೆ ಇರಬೇಕು, ಮೈಗೆ ಕಟ್ಟಿದ ಬೆಲ್ಟಿನ ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಇಂಥ ಜಾಗದೊಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರಬಾರದು ಅನ್ನುವುದೂ ಅದೇ ಕಾಯ್ದೆಯಲ್ಲಿ ಬಂತು.

ನಿಯಮ ಓದಿ, ಸಾಮಾನು ಕೊಂಡು, "ಎಲ್ಲಾ ಇದೆ" ಅಂತ ಟಿಕ್ ಹಾಕಿದರೆ ಮುಗಿಯಿತಾ? ನನಗೆ ಅತಿ ಹೆಚ್ಚು ಚಿಂತೆ ಹಚ್ಚುವುದು ಈ ಘಟ್ಟವೇ. ಕ್ರಮ ಇದೆಯಾ ಅನ್ನುವುದು ಒಂದು ಪ್ರಶ್ನೆ. ಅದು ಈ ಅಪಾಯವನ್ನು ನಿಜವಾಗಿ ತಡೆಯುತ್ತಾ ಅನ್ನುವುದು ಬೇರೆಯೇ ಪ್ರಶ್ನೆ.

ಗ್ಯಾಸ್ ಮೀಟರನ್ನೇ ತಗೊಳ್ಳಿ. ಹಿಂದೆ ಹಳೇ ಬಾವಿಗೆ ಇಳಿಯುವ ಮುಂಚೆ ಹಿರಿಯರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಈಗ ಅಂಗೈಯಷ್ಟು ಮೀಟರ್ ಬಂದಿದೆ. ಸಾಮಾನ್ಯವಾಗಿ ಸಿಗುವ ಮೀಟರ್ ನಾಲ್ಕನ್ನು ಅಳೆಯುತ್ತದೆ: ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಪಟ್ಟಿಯಲ್ಲಿ ಯಾವುದು ಇಲ್ಲ ನೋಡಿ. ಕೊಳೆತ ಭತ್ತ ಬಿಡುವ ಇಂಗಾಲದ ಡೈಆಕ್ಸೈಡೇ ಇಲ್ಲ. ಅದು ಗಾಳಿಯಲ್ಲಿ ಶೇ. 4 ಆದರೆ ಜೀವಕ್ಕೆ ಕುತ್ತು ಅಂತ ಲೆಕ್ಕ. ಆದರೆ ಶೇ. 4ರಷ್ಟು ಅದು ತುಂಬಿಕೊಂಡು ಗಾಳಿಯನ್ನು ಅಷ್ಟೇ ಆಚೆ ತಳ್ಳಿದರೆ ಆಮ್ಲಜನಕ 20.9ರಿಂದ ಬರೀ 20ಕ್ಕೆ ಇಳಿಯುತ್ತದೆ. ಮೀಟರಿನ ಗಂಟೆ 19.5ಕ್ಕೆ ಮಾತ್ರ ಹೊಡೆಯುತ್ತದೆ. ಅಂದರೆ ಮೀಟರ್ ಸರಿಯಾಗಿದೆ, ಚಾರ್ಜ್ ಆಗಿದೆ, ಹಸಿರು ತೋರಿಸುತ್ತಿದೆ, ಆದರೂ ಇಳಿದವನ ಜೀವ ಕುತ್ತಿನಲ್ಲಿದೆ. ಧಾನ್ಯದ ಪಿಟ್‌ಗೆ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇರುವ ಮೀಟರೇ ಬೇಕು. ಅದನ್ನೂ ಪಿಟ್‌ನ ಬಾಯಲ್ಲಿ, ನಡುವೆ, ತಳದಲ್ಲಿ ಮೂರೂ ಕಡೆ ಇಳಿಬಿಟ್ಟು ನೋಡಬೇಕು, ಯಾಕೆಂದರೆ ಭಾರದ ಅನಿಲ ತಳದಲ್ಲಿರುತ್ತದೆ. ಕೆಸರು ಕಲಕಿದಾಗ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಮತ್ತೆ ಏಳುತ್ತದೆ. ಹಾಗಾಗಿ ಕೆಲಸ ಮುಗಿಯುವವರೆಗೂ ಮೀಟರ್ ಒಳಗೇ ಇರಬೇಕು.

ಎಲಿವೇಟರ್ ಸ್ವಿಚ್ಚಿನ ಕಥೆಯೂ ಹೀಗೇ. "ಆಫ್ ಮಾಡೇವ್ರಿ" ಅಂದರು. ಪ್ಯಾನೆಲ್ ಇರುವುದು ಇನ್ನೊಂದು ಕೋಣೆಯಲ್ಲಿ. ಅಲ್ಲಿ ಯಾರು ಬೇಕಾದರೂ ಆನ್ ಮಾಡಬಹುದು. ಕೆಲವರು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಜಾಣತನವೇ, ಆದರೆ ಅಲ್ಲೇ ಪಕ್ಕದ ಡಬ್ಬದಲ್ಲಿ ಇನ್ನೊಂದು ಫ್ಯೂಸ್ ಇರುತ್ತದೆ. ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೀ ಇಳಿಯುವವನ ಜೇಬಿನಲ್ಲೇ ಇರಬೇಕು, ಇಬ್ಬರು ಇಳಿದರೆ ಎರಡು ಬೀಗ. ಬೀಗ ಹಾಕಿದ ಮೇಲೆ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು. ಎಷ್ಟೋ ಸಲ ಬೀಗ ಬಿದ್ದಿರುವುದು ಬೇರೆ ಮೋಟಾರಿನ ಸ್ವಿಚ್ಚಿಗೆ!

ಕರೆಂಟ್ ಪೂರ್ತಿ ತೆಗೆದರೂ ಒಂದು ಅಪಾಯ ಉಳಿಯುತ್ತದೆ. ಎಲಿವೇಟರ್ ಅಂದರೆ ಒಂದು ದೊಡ್ಡ ತಕ್ಕಡಿ. ಬೆಲ್ಟಿನ ಒಂದು ಕಡೆ ಭತ್ತ ತುಂಬಿದ ಬಕೆಟ್‌ಗಳು, ಇನ್ನೊಂದು ಕಡೆ ಖಾಲಿ. ಬುಡದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡ ಭತ್ತವನ್ನು ಸಲಿಕೆಯಿಂದ ಬಿಡಿಸಿದ ಕ್ಷಣ ತುಂಬಿದ ಕಡೆ ಜಾರಿ ಕೆಳಗೆ ಬರುತ್ತದೆ. ಮೋಟಾರು ಸತ್ತಿದ್ದರೂ ಬೆಲ್ಟ್ ತಿರುಗುತ್ತದೆ, ಕೈ ಒಳಗಿದ್ದರೆ ಹೋಯಿತು. ಹಾಗಾಗಿ ಮೊದಲು ಬಕೆಟ್ ಖಾಲಿ ಮಾಡಬೇಕು ಅಥವಾ ಬೆಲ್ಟನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ. ಎರಡು ಬೆರಳು ಕಳೆದುಕೊಂಡ ಒಬ್ಬ ಫಿಟ್ಟರ್.

ಒಂದೇ ಕಾರಣಕ್ಕೆ ಎರಡು ಮೂರು ರಕ್ಷಣೆಗಳು ಒಟ್ಟಿಗೆ ಬಿದ್ದುಹೋಗುತ್ತವಾ ಅನ್ನುವುದನ್ನೂ ನೋಡಬೇಕು. ಪಿಟ್‌ಗೆ ಗಾಳಿ ಊದುವ ಬ್ಲೋವರ್ ಇಟ್ಟಿದ್ದೇವೆ, ದೀಪ ಇದೆ, ಎಚ್ಚರಿಸಲು ಸೈರನ್ ಇದೆ. ಮೂರು ರಕ್ಷಣೆ ಅನ್ನಿಸುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಹೋದ ಕೂಡಲೇ ಗಾಳಿ ನಿಂತಿತು, ಕತ್ತಲಾಯಿತು, ಸೈರನ್ನೂ ಇಲ್ಲ. ಅಂದರೆ ಅವು ಮೂರಲ್ಲ, ಒಂದೇ. ಸರಿ, ಜನರೇಟರ್ ತಂದು ಪಕ್ಕದಲ್ಲಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬ್ಲೋವರ್ ಪಕ್ಕದಲ್ಲೇ ಇದ್ದರೆ ಆ ಹೊಗೆಯನ್ನು ಎಳೆದು ನೇರ ಪಿಟ್‌ಗೆ ತುಂಬುತ್ತದೆ. ಒಂದು ರಕ್ಷಣೆ ಹೊಸದೊಂದು ಅಪಾಯವನ್ನು ಒಳಗೆ ಕರೆದುಕೊಂಡು ಬಂತು. ಯಾವ ಕ್ರಮ ತಂದರೂ "ಇದರಿಂದ ಹೊಸದಾಗಿ ಏನು ಕೆಡಬಹುದು" ಅಂತ ಒಮ್ಮೆ ಕೇಳಿಯೇ ಮುಂದೆ ಹೋಗಬೇಕು.

ಕೊನೆಗೆ ಹಗ್ಗ. ಇಂಥ ಗುಂಡಿಗಳಲ್ಲಿ ಒಬ್ಬ ಬಿದ್ದಾಗ, ಎತ್ತಲು ಹೋದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಹೀಗೆ ಸಾಲಾಗಿ ಸಾಯುವ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅಣ್ಣ ಬಿದ್ದದ್ದನ್ನು ನೋಡಿ ತಮ್ಮ ಸುಮ್ಮನೆ ನಿಲ್ಲುತ್ತಾನಾ? ನಿಲ್ಲುವುದಿಲ್ಲ. "ಇಳಿಯಬೇಡಿ" ಅನ್ನುವ ಬೋರ್ಡು ಆ ಗಳಿಗೆಯಲ್ಲಿ ಯಾರನ್ನೂ ತಡೆಯುವುದಿಲ್ಲ. ಇಳಿಯದೆಯೇ ಮೇಲಕ್ಕೆ ಎಳೆಯುವ ದಾರಿ ಕಣ್ಣೆದುರು ಇದ್ದರೆ ಮಾತ್ರ ಆ ತಮ್ಮ ಉಳಿಯುತ್ತಾನೆ. ಪಿಟ್ ಮೇಲೆ ಮೂರು ಕಾಲಿನ ಸ್ಟ್ಯಾಂಡ್, ಕೈಯಿಂದ ತಿರುಗಿಸುವ ರಾಟೆ, ಇಳಿದವನ ಮೈಗೆ ಭುಜ, ತೊಡೆಗಳಿಗೂ ಪಟ್ಟಿ ಬರುವ ಪೂರ್ತಿ ಹಾರ್ನೆಸ್. ಸೊಂಟಕ್ಕೆ ಕಟ್ಟಿದ ಬರೀ ಹಗ್ಗದಿಂದ ಎಚ್ಚರ ತಪ್ಪಿದವನನ್ನು ಎಳೆದರೆ ಮೈ ಮಡಚಿಕೊಂಡು ಪಿಟ್‌ನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಒಂದೇ ದಾರಿ, ಮಾಡಿ ನೋಡುವುದು. ನಾವು 60 ಕಿಲೋ ಭತ್ತ ತುಂಬಿದ ಚೀಲಕ್ಕೆ ಹಾರ್ನೆಸ್ ಕಟ್ಟಿ ಇಳಿಬಿಟ್ಟೆವು. ಮೇಲೆ ನಿಂತ ಒಬ್ಬನೇ ಎಳೆಯಬೇಕು ಅಂದೆ. ಮೊದಲ ಸಲ ರಾಟೆ ತುಕ್ಕು ಹಿಡಿದು ತಿರುಗಲೇ ಇಲ್ಲ. ಕೊಂಡು ತಂದು ಎಂಟು ತಿಂಗಳಾಗಿತ್ತು, ಪ್ಲಾಸ್ಟಿಕ್ ಕವರು ಕೂಡ ಪೂರ್ತಿ ತೆಗೆದಿರಲಿಲ್ಲ. ಎಣ್ಣೆ ಬಿಟ್ಟು ಎರಡನೇ ಸಲ ಮಾಡಿದಾಗ ಚೀಲ ಎರಡು ನಿಮಿಷದೊಳಗೆ ಮೇಲೆ ಬಂತು.

ಕಟ್ಟೆ ಕಟ್ಟಿದ್ದಾಯಿತು, ತಗಡು ಬದಲಾಯಿತು. ಆಮೇಲಿನ ಹಂಗಾಮಿನಲ್ಲಿ ಆ ಪಿಟ್‌ಗೆ ಇಳಿದದ್ದು ಒಂದೇ ಸಲ. ಅವತ್ತು ನಾನೂ ಹೋಗಿದ್ದೆ. ಅಂಗಳದಲ್ಲಿ ಭತ್ತದ ಲಾರಿಗಳು ಸಾಲು ನಿಂತಿದ್ದವು. ಪಿಟ್‌ಗೆ ಇಳಿದಿದ್ದ ಫಿಟ್ಟರ್ ಕೆಲಸ ಮುಗಿಸಿ ಊಟಕ್ಕೆ ಮನೆಗೆ ಹೋಗಿದ್ದರು, ಬೀಗದ ಕೀ ಅವರ ಜೇಬಿನಲ್ಲೇ ಇತ್ತು. ಯಾರೋ ಬೀಗ ಒಡೆಯೋಣವಾ ಅಂದರು. ಸಾಹುಕಾರರು ಗಡಿಯಾರ ನೋಡಿದರು, ಲಾರಿಗಳ ಕಡೆ ನೋಡಿದರು. "ಬ್ಯಾಡ್ರಿ. ಅವ ಬರ್ಲಿ," ಅಂದು ಕುರ್ಚಿ ಎಳೆದುಕೊಂಡು ಕೂತರು. ಮುಕ್ಕಾಲು ತಾಸು ಗಿರಣಿ ನಿಂತೇ ಇತ್ತು.